ಬೀಗ ಹಾಕಿದ ಕೋಣೆಯಲ್ಲಿ ಕಸ ಗುಡಿಸುವವರು ಯಾರು? ಹಾರರ್ ಕಾಮಿಡಿಯ ಒಳಗುಟ್ಟು

ಮೊದಲು ಒಂದು ದೃಶ್ಯ ಹೇಳುತ್ತೇನೆ. ಇದು ಯಾವ ಸಿನಿಮಾದ್ದೂ ಅಲ್ಲ. ಈ ಲೇಖನಕ್ಕೆಂದೇ ಕಟ್ಟಿಕೊಂಡದ್ದು.

ಹಳೆಯ ಬಂಗಲೆ. ರಾತ್ರಿ. ಕರೆಂಟ್ ಹೋಗಿದೆ. ಭಾವ, ಭಾಮೈದ ಇಬ್ಬರೂ ಒಂದೇ ಟಾರ್ಚ್ ಹಿಡಿದು ಮಹಡಿ ಹತ್ತುತ್ತಿದ್ದಾರೆ. ಮೇಲೆ ಒಂದು ಕೋಣೆ ಇದೆ. ಇಪ್ಪತ್ತು ವರ್ಷದಿಂದ ಅದಕ್ಕೆ ಬೀಗ. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಸದ್ದು ಕೇಳುತ್ತದೆ. ಸರಕ್... ಸರಕ್... ಸರಕ್... ಯಾರೋ ಕಸ ಗುಡಿಸುತ್ತಿದ್ದಾರೆ.

ಇಬ್ಬರೂ ಅಲ್ಲೇ ಕಲ್ಲಾಗುತ್ತಾರೆ. ಭಾಮೈದ ಪಿಸುಗುಡುತ್ತಾನೆ: "ಭಾವ, ಮನೆಕೆಲಸಕ್ಕೆ ಯಾರೂ ಸಿಗ್ತಿಲ್ಲ ಅಂತಿದ್ರಲ್ಲ, ಕೇಳಿ ನೋಡ್ಲಾ?"

ಥಿಯೇಟರ್ ನಗುತ್ತದೆ. ಆ ನಗು ಮುಗಿಯುವ ಮುಂಚೆ ಬೀಗ ಕಳಚಿ ಕೆಳಗೆ ಬೀಳುತ್ತದೆ. ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಟಾರ್ಚಿನ ಬೆಳಕು ಒಳಗೆ ಹೋಗುತ್ತದೆ. ಅಲ್ಲಿ ಯಾರೂ ಇಲ್ಲ. ಪೊರಕೆಯೂ ಇಲ್ಲ. ಆದರೆ ಇಪ್ಪತ್ತು ವರ್ಷ ಮುಚ್ಚಿದ್ದ ಕೋಣೆಯ ನೆಲದಲ್ಲಿ ಒಂದು ಚೂರೂ ಧೂಳಿಲ್ಲ.

ಒಂದು ನಿಮಿಷವೂ ಹಿಡಿಯದ ದೃಶ್ಯ. ಅಷ್ಟರಲ್ಲೇ ಮೂರು ಕೆಲಸ ಆಗಿಹೋಯಿತು. ಸದ್ದು ಹೆದರಿಸಿತು. ಮಾತು ನಗಿಸಿತು. ಧೂಳಿಲ್ಲದ ನೆಲ ಪ್ರಶ್ನೆ ಕೇಳಿತು. "ಹಾರರ್ ಕಾಮಿಡಿ" ಎಂದಾಗ ನಾವು ಮೊದಲ ಎರಡನ್ನು ಮಾತ್ರ ಹೇಳುತ್ತೇವೆ. ಮೂರನೆಯದಕ್ಕೆ ಆ ಹೆಸರಿನಲ್ಲಿ ಜಾಗವೇ ಇಲ್ಲ. ನಾನು ಈ ಬಗೆಯ ಸಿನಿಮಾಗಳನ್ನು ತುಂಬಾ ಪ್ರೀತಿಯಿಂದ ನೋಡುವವನು. ನೋಡುತ್ತಾ ನೋಡುತ್ತಾ ನನಗೆ ಖಾತ್ರಿಯಾದ ಒಂದು ವಿಷಯ ಇದೆ. ಹೆದರಿಕೆಗೂ ನಗುವಿಗೂ ಸುಲಭಕ್ಕೆ ಹೊಂದಿಕೆ ಆಗುವುದಿಲ್ಲ. ಅವೆರಡನ್ನೂ ಒಂದೇ ಸೂರಿನ ಕೆಳಗೆ ಕೂರಿಸುವುದು ಆ ಮೂರನೆಯದು, ಅಂದರೆ ಗುಟ್ಟು.

ಹಗೆತನದ ಎರಡು ರಸಗಳು

ನಗು ಮತ್ತು ಭಯ ಒಟ್ಟಿಗೆ ಬಾಳುವುದಿಲ್ಲ ಎಂದು ನಮ್ಮ ಹಿಂದಿನವರು ಬರೆದೇ ಇಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತದೆ. ಅದರಲ್ಲಿ ಹಾಸ್ಯವೂ ಇದೆ, ಭಯಾನಕವೂ ಇದೆ. ಒಂದೊಂದು ರಸಕ್ಕೂ ಒಂದು ಬಣ್ಣವನ್ನು ಕೊಟ್ಟಿದ್ದಾನೆ. ಹಾಸ್ಯ ಬಿಳಿ. ಭಯಾನಕ ಕಪ್ಪು. ಮುಂದೆ 14ನೇ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಯಾವ ರಸಕ್ಕೆ ಯಾವುದು ಆಗಿಬರುವುದಿಲ್ಲ ಎಂದು ಪಟ್ಟಿ ಮಾಡುತ್ತಾನೆ. ಹಾಸ್ಯಕ್ಕೆ ಅವನು ಹೇಳುವ ಹಗೆಗಳು ಎರಡು. ಒಂದು ಭಯಾನಕ, ಇನ್ನೊಂದು ಕರುಣ. ಈ ಎರಡನೆಯ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಅನುಭವಕ್ಕೂ ಇದು ಸರಿ ಅನಿಸುತ್ತದೆ, ಅಲ್ವಾ? ದೆವ್ವವನ್ನು ನೋಡಿ ಒಮ್ಮೆ ಮನಸಾರೆ ನಕ್ಕುಬಿಟ್ಟರೆ ಅದು ಮತ್ತೆ ಹೆದರಿಸಲಾರದು. ನಿಜಕ್ಕೂ ನಡುಗುತ್ತಿರುವವನ ಕಿವಿಯಲ್ಲಿ ಜೋಕ್ ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಎರಡೂ ಕೆಡುತ್ತವೆ. ಅರ್ಧಂಬರ್ಧ ಹೆದರಿಸಿ, ಅರ್ಧಂಬರ್ಧ ನಗಿಸಿ ಮನೆಗೆ ಕಳಿಸುವ ಸಿನಿಮಾಗಳನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅದನ್ನೂ ಹಿಂದಿನವರೇ ಹೇಳಿದ್ದಾರೆ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಈ ತೊಡಕನ್ನು ಎತ್ತಿಕೊಳ್ಳುತ್ತಾನೆ. ಹಗೆತನದ ರಸಗಳನ್ನು ಒಂದೇ ಕೃತಿಯಲ್ಲಿ ತರಬೇಕಾದರೆ ಏನು ಮಾಡಬೇಕು? ಅವನು ಕೊಡುವ ಉತ್ತರಗಳಲ್ಲಿ ಎರಡು ನಮಗೆ ಇಲ್ಲಿ ತುಂಬಾ ಮುಖ್ಯ.

ಮೊದಲನೆಯದು, ಎರಡಕ್ಕೂ ಬೇರೆ ಬೇರೆ ಆಸರೆ ಕೊಡು. ಒಬ್ಬನೇ ಮನುಷ್ಯನಲ್ಲಿ ವೀರವನ್ನೂ ಭಯವನ್ನೂ ಒಟ್ಟಿಗೆ ತುರುಕಿದರೆ ಗೊಂದಲ. ನಾಯಕನಲ್ಲಿ ವೀರ ಇರಲಿ, ಅವನ ಶತ್ರುವಿನಲ್ಲಿ ಭಯ ಇರಲಿ. ಆಗ ಜಗಳ ಇಲ್ಲ.

ಎರಡನೆಯದು ಇನ್ನೂ ಚೆಂದ. ಎರಡು ರಸಗಳು ಬೆನ್ನಿಗೆ ಬೆನ್ನು ಹಚ್ಚಿ ಬಂದಾಗ ಮಾತ್ರ ಜಗಳ ಆಗುತ್ತಿದ್ದರೆ, ನಡುವೆ ಮೂರನೆಯ ರಸ ಒಂದನ್ನು ತಂದು ಕೂರಿಸು. ಇದಕ್ಕೆ ಹರ್ಷನ ‘ನಾಗಾನಂದ’ ನಾಟಕ ಉದಾಹರಣೆ. ಅಲ್ಲಿ ವಿರಕ್ತ ಮನಸ್ಸಿನ ಜೀಮೂತವಾಹನ ಪ್ರೇಮಕ್ಕೆ ಹೊರಳಬೇಕು. ಶಾಂತದಿಂದ ನೇರ ಶೃಂಗಾರಕ್ಕೆ ಹಾರಿದರೆ ನಂಬಲು ಕಷ್ಟ. ಅದಕ್ಕೇ ನಡುವೆ ಒಂದು ಹಾಡು ಕೇಳಿ ಅವನು ಬೆರಗಾಗುತ್ತಾನೆ. ಆ ಬೆರಗೇ ಸೇತುವೆ. ಅದರ ಶಾಸ್ತ್ರದ ಹೆಸರು ಅದ್ಭುತ.

ಈ ಎರಡು ಸೂತ್ರಗಳನ್ನು ಕೈಯಲ್ಲಿ ಹಿಡಿದು ಮತ್ತೆ ನಮ್ಮ ಬಂಗಲೆಗೆ ಬನ್ನಿ. ಹೆದರಿಸುವ ಕೆಲಸ ಬಾಗಿಲ ಆಚೆಗಿನ ಸದ್ದಿನದು. ನಗಿಸುವ ಕೆಲಸ ಬಾಗಿಲ ಈಚೆ ನಿಂತವರದು. ಆಸರೆ ಬೇರೆ ಆಯಿತು. ಸದ್ದು ತಾನೇ ತಮಾಷೆ ಮಾಡಲು ಹೋಗಲಿಲ್ಲ. ಇನ್ನು ಧೂಳಿಲ್ಲದ ನೆಲ. ಅದರಲ್ಲಿ ನಗುವೂ ಇಲ್ಲ, ನೇರವಾದ ಭಯವೂ ಇಲ್ಲ. "ಅರೆ, ಇದು ಹೇಗೆ?" ಎಂಬ ಬೆರಗು ಇದೆ. ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಹೋಗಿಬರಲು ನಮಗೆ ಸಿಕ್ಕ ಹಲಗೆ ಅದು. ಅದ್ಭುತಕ್ಕೆ ಭರತ ಕೊಟ್ಟ ಬಣ್ಣ ಹಳದಿ. ನನಗೆ ಟಾರ್ಚಿನ ಬೆಳಕು ನೆನಪಾಗುತ್ತದೆ.

ಮೈ ಏಕೆ ಒಪ್ಪಿಕೊಳ್ಳುತ್ತದೆ?

ಶಾಸ್ತ್ರ ಬದಿಗಿರಲಿ, ಮೈಯ ಕಡೆಯಿಂದ ನೋಡೋಣ. ಹೆದರಿದಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಉಸಿರು ಬಿಗಿಯಾಗುತ್ತದೆ, ಅಂಗೈ ಬೆವರುತ್ತದೆ. ಇದರ ಹಿಂದಿರುವುದು ಅಡ್ರಿನಲಿನ್ ಎಂಬ ಹಾರ್ಮೋನ್. ಹೆದರಿಕೆ ಹೋದರೂ ಈ ಬಿಸಿ ಕೂಡಲೇ ಆರುವುದಿಲ್ಲ. ಮನಸ್ಸು "ಏನೂ ಇಲ್ಲ ಬಿಡು" ಎಂದರೂ ಮೈ ಇನ್ನೂ ಕುದಿಯುತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಒಂದು ತಮಾಷೆ ಬಿದ್ದರೆ, ಉಳಿದ ಬಿಸಿಯೆಲ್ಲ ನಗುವಿನ ಕಡೆ ಹರಿಯುತ್ತದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಇದನ್ನು ಉದ್ರೇಕದ ವರ್ಗಾವಣೆ ಎಂದು ವಿವರಿಸಿದರು. ಒಂದು ಭಾವ ಎಬ್ಬಿಸಿದ ಕಾವು ಅದರ ಹಿಂದೆಯೇ ಬರುವ ಇನ್ನೊಂದು ಭಾವಕ್ಕೆ ಸೇರಿಕೊಳ್ಳುತ್ತದೆ.

ಅದಕ್ಕೂ ಮುಂಚಿನ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 1962ರಲ್ಲಿ ಸ್ಟ್ಯಾನ್ಲಿ ಶ್ಯಾಕ್ಟರ್ ಮತ್ತು ಲ್ಯಾಡ್ ವೀಲರ್ ಎಂಬ ಅಮೆರಿಕದ ಸಂಶೋಧಕರು ಮೂರು ಗುಂಪಿನ ಜನರಿಗೆ ಬಿದ್ದು ಎದ್ದು ಮಾಡುವ ಹಾಸ್ಯದ ಸಿನಿಮಾ ತೋರಿಸಿದರು. ಒಂದು ಗುಂಪಿಗೆ ಮೊದಲೇ ಅಡ್ರಿನಲಿನ್ ಚುಚ್ಚಿದ್ದರು. ಇನ್ನೊಂದಕ್ಕೆ ಏನೂ ಪರಿಣಾಮ ಮಾಡದ ಉಪ್ಪುನೀರು. ಮೂರನೆಯದಕ್ಕೆ ಮೈಯನ್ನು ತಣ್ಣಗಾಗಿಸುವ ಔಷಧಿ. ಒಳಗೆ ಏನು ಹೋಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಅಡ್ರಿನಲಿನ್ ಗುಂಪು. ಎಲ್ಲರಿಗಿಂತ ಕಡಿಮೆ ನಕ್ಕಿದ್ದು ತಣ್ಣಗಿನ ಗುಂಪು. ಸಿನಿಮಾ ಒಂದೇ. ಎದೆಬಡಿತ ಬೇರೆ.

ಹಾರರ್ ಕಾಮಿಡಿ ಇದೇ ಕೆಲಸವನ್ನು ಸೂಜಿ ಇಲ್ಲದೆ ಮಾಡುತ್ತದೆ. ದೆವ್ವ ನಮ್ಮ ರಕ್ತಕ್ಕೆ ಅಡ್ರಿನಲಿನ್ ಸೇರಿಸುತ್ತದೆ. ಹಾಸ್ಯನಟ ಅದನ್ನು ನಗುವಾಗಿ ಬಿಡಿಸುತ್ತಾನೆ. ಕರೆಂಟ್ ಹೋದ ಬಂಗಲೆಯಲ್ಲಿ ಭಾಮೈದ ಹೇಳಿದ ಮಾತು ಹಗಲಲ್ಲಿ, ಅಡುಗೆಮನೆಯಲ್ಲಿ ಹೇಳಿದ್ದರೆ ಯಾರೂ ಅಷ್ಟು ನಗುತ್ತಿರಲಿಲ್ಲ. ದೆವ್ವದ ಸಿನಿಮಾದ ಜೋಕ್ ಒಂದನ್ನು ಆಚೆಗೆ ಬಂದು ಗೆಳೆಯರಿಗೆ ಹೇಳಿದಾಗ ಅದು ಸಪ್ಪೆಯಾಗುವುದು ಇದಕ್ಕೇ.

ಇನ್ನೊಂದು ಮಾತು. ಎದುರಿಗೆ ಬಂದದ್ದು ಭಯವೋ ತಮಾಷೆಯೋ ಎಂದು ಮನಸ್ಸು ಹೇಗೆ ತೀರ್ಮಾನಿಸುತ್ತದೆ? ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರಲ್ 1999ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಭೂತವೂ ವಿದೂಷಕನೂ ಒಂದೇ ಬಗೆಯವರು ಎನ್ನುತ್ತಾರೆ. ಇಬ್ಬರೂ ನಾವು ಅಚ್ಚುಕಟ್ಟಾಗಿ ಹಾಕಿಟ್ಟ ಗೆರೆಗಳನ್ನು ದಾಟುವವರು. ಸತ್ತವರು ನಡೆಯಬಾರದು, ದೆವ್ವ ನಡೆಯುತ್ತದೆ. ದೊಡ್ಡವರು ಮಕ್ಕಳಂತೆ ಬೀಳಬಾರದು, ವಿದೂಷಕ ಬೀಳುತ್ತಾನೆ. ವ್ಯತ್ಯಾಸ ಅಪಾಯದಲ್ಲಿ ಮಾತ್ರ. ಗೆರೆ ದಾಟಿದ್ದರಿಂದ ಅಪಾಯ ಇದೆ ಅನಿಸಿದರೆ ಹೆದರುತ್ತೇವೆ. ಇಲ್ಲ ಅನಿಸಿದರೆ ನಗುತ್ತೇವೆ. ಹೀಗಾಗಿ ನಿರ್ದೇಶಕ ದೃಶ್ಯವನ್ನು ಬದಲಾಯಿಸಬೇಕಿಲ್ಲ. ಅಪಾಯದ ಅಳತೆಯನ್ನು ಚೂರು ಏರಿಸಿ ಇಳಿಸಿದರೆ ಸಾಕು. ಆ ಅಳತೆ ನಮಗೆ ಖಚಿತವಾಗಿ ಗೊತ್ತಿಲ್ಲದ ಹಾಗೆ ಇಟ್ಟರೆ? ಆಗ ನಾವು ಎರಡಕ್ಕೂ ತಯಾರಾಗಿ ಸೀಟಿನ ತುದಿಯಲ್ಲಿ ಕೂತಿರುತ್ತೇವೆ. ಗುಟ್ಟು ಮಾಡುವುದು ಇದನ್ನೇ.

ಹುಟ್ಟಿದಾಗಲೇ ಮೂವರೂ ಒಟ್ಟಿಗಿದ್ದರು

ಈ ಬೆರಕೆ ಇತ್ತೀಚಿನ ಫ್ಯಾಷನ್ ಅಲ್ಲ. ನೂರು ವರ್ಷದ ಹಿಂದೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ಹಳೆಯ ಬಂಗಲೆಯ ನಾಟಕಗಳು ಜೋರಾಗಿ ಓಡುತ್ತಿದ್ದವು. ಅವುಗಳಲ್ಲಿ ಹೆಸರಾದದ್ದು 1922ರ ‘ದಿ ಕ್ಯಾಟ್ ಆ್ಯಂಡ್ ದಿ ಕ್ಯಾನರಿ’. ಶ್ರೀಮಂತನೊಬ್ಬ ಸತ್ತು ಇಪ್ಪತ್ತು ವರ್ಷವಾದ ಮೇಲೆ ಉಯಿಲು ಓದಲು ನೆಂಟರೆಲ್ಲ ಅವನ ಬಂಗಲೆಯಲ್ಲಿ ಸೇರುತ್ತಾರೆ. ರಾತ್ರಿ ವಿಚಿತ್ರ ಘಟನೆಗಳು ಶುರುವಾಗುತ್ತವೆ. ಹೆದರುಪುಕ್ಕಲ ನೆಂಟನೊಬ್ಬ ನಗಿಸುತ್ತಾನೆ. ಕೊನೆಗೆ ದೆವ್ವದ ಹಿಂದೆ ಮನುಷ್ಯನೇ ಇದ್ದ ಎಂದು ಬಯಲಾಗುತ್ತದೆ. 1927ರಲ್ಲಿ ಪಾಲ್ ಲೆನಿ ಇದನ್ನು ಮೂಕಿ ಚಿತ್ರ ಮಾಡಿದರು. ಹೆದರಿಕೆ, ತಮಾಷೆ, ಗುಟ್ಟು ಮೂರೂ ಇಲ್ಲಿ ಮೊದಲಿನಿಂದಲೇ ಕೂಡಿಕೊಂಡಿವೆ. ಒಂದನ್ನು ಆಮೇಲೆ ತಂದು ಅಂಟಿಸಿದ್ದಲ್ಲ.

1948ರಲ್ಲಿ ಅಬಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯ ಜೋಡಿ ಫ್ರಾಂಕೆನ್‌ಸ್ಟೈನನ ಭೂತದ ಕೈಗೆ ಸಿಕ್ಕಿಕೊಳ್ಳುವ ಸಿನಿಮಾ ಬಂತು. ಅದರಲ್ಲಿ ಡ್ರಾಕುಲಾ ಪಾತ್ರ ಮಾಡಿದ್ದು 1931ರ ಮೂಲ ಸಿನಿಮಾದ ಡ್ರಾಕುಲಾ ಬೇಲಾ ಲುಗೋಸಿಯೇ. ತೋಳಮನುಷ್ಯ ಕೂಡ ಹಳೆಯ ಲಾನ್ ಚೇನಿ ಜೂನಿಯರ್. ಇವರು ಯಾರೂ ಒಂದು ಕ್ಷಣವೂ ಕೋಡಂಗಿತನ ಮಾಡುವುದಿಲ್ಲ. ತಮ್ಮ ಹಳೆಯ ಹಾರರ್ ಸಿನಿಮಾಗಳಲ್ಲಿ ಇದ್ದಷ್ಟೇ ಗಂಭೀರವಾಗಿ ಇದ್ದಾರೆ. ನಗು ಪೂರ್ತಿಯಾಗಿ ಆ ಇಬ್ಬರು ಹಾಸ್ಯಗಾರರ ಪಾಲು. ಆನಂದವರ್ಧನ ಹೇಳಿದ ಬೇರೆ ಬೇರೆ ಆಸರೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೆವ್ವವನ್ನೇ ಜೋಕರ್ ಮಾಡಿ, ಅದಕ್ಕೆ ಡ್ಯಾನ್ಸ್ ಕಲಿಸಿ, ಆಮೇಲೆ ಕ್ಲೈಮ್ಯಾಕ್ಸಿನಲ್ಲಿ "ಈಗ ಹೆದರಿ" ಎಂದರೆ ಯಾರು ಹೆದರುತ್ತಾರೆ?

ಇದೆಯೋ ಇಲ್ವೋ

ಈಗ ಗುಟ್ಟಿನ ವಿಷಯಕ್ಕೆ ಬರೋಣ. ದೆವ್ವದ ಕಥೆಯ ಗುಟ್ಟು ಪತ್ತೇದಾರಿ ಕಥೆಯ ಗುಟ್ಟಿಗಿಂತ ಬೇರೆ. ಪತ್ತೇದಾರಿ ಕಥೆಯಲ್ಲಿ "ಯಾರು ಮಾಡಿದ್ದು?" ಎಂಬುದು ಒಂದೇ ಪ್ರಶ್ನೆ. ಇಲ್ಲಿ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ: "ಇದು ಯಾವ ಬಗೆಯ ಲೋಕ?" ದೆವ್ವ ಇರುವ ಲೋಕವೋ, ಇಲ್ಲದ ಲೋಕವೋ?

ಸಾಹಿತ್ಯ ವಿಮರ್ಶಕ ಟ್ಸ್ವೆಟಾನ್ ಟೊಡೊರೊವ್ 1970ರಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ವಿಚಿತ್ರ ಘಟನೆಯೊಂದು ನಡೆದಾಗ ಓದುಗನ ಮುಂದೆ ಎರಡು ದಾರಿ. ಒಂದು, ಇದಕ್ಕೆ ಲೌಕಿಕ ಕಾರಣ ಇದೆ. ಮೋಸವೋ, ಭ್ರಮೆಯೋ, ಕಾಯಿಲೆಯೋ. ಇನ್ನೊಂದು, ಇದು ನಿಜಕ್ಕೂ ಅಲೌಕಿಕ, ನಮಗೆ ಗೊತ್ತಿರುವ ನಿಯಮಗಳು ಇಲ್ಲಿ ನಡೆಯುವುದಿಲ್ಲ. ಯಾವುದೆಂದು ತೀರ್ಮಾನಿಸಲಾಗದೆ ಓದುಗ ತಡವರಿಸುತ್ತಾನಲ್ಲ, ಆ ತಡವರಿಕೆಯಲ್ಲೇ ಈ ಕಥೆಗಳ ಜೀವ ಇದೆ ಎಂದರು ಅವರು. ತೀರ್ಮಾನ ಆದ ಕ್ಷಣ ಕಥೆ ಈ ಕಡೆಗೋ ಆ ಕಡೆಗೋ ಬಿದ್ದುಹೋಗುತ್ತದೆ.

ನಮ್ಮ ಬಂಗಲೆಗೆ ಮೂರು ಕೊನೆ ಕೊಟ್ಟು ನೋಡೋಣ. ಮೊದಲನೆಯದು, ಮನೆಯನ್ನು ಪುಕ್ಕಟೆ ಬೆಲೆಗೆ ಹೊಡೆದುಕೊಳ್ಳಲು ಯಾರೋ ಹೆದರಿಸುತ್ತಿದ್ದಾರೆ. 1969ರಲ್ಲಿ ಶುರುವಾದ ‘ಸ್ಕೂಬಿ ಡೂ’ ಕಾರ್ಟೂನ್ ವಾರವಾರವೂ ಇದನ್ನೇ ಮಾಡುತ್ತಿತ್ತು. ದೆವ್ವದ ಮುಖವಾಡ ಕಿತ್ತರೆ ಒಳಗೆ ಒಬ್ಬ ದುರಾಸೆಯ ಮನುಷ್ಯ. ಎರಡನೆಯದು, ಭಾಮೈದನ ಅಕ್ಕನೇ ರಾತ್ರಿ ನಿದ್ದೆಯಲ್ಲಿ ಎದ್ದು ಹೋಗಿ ಗುಡಿಸುತ್ತಾಳೆ, ಬೆಳಗ್ಗೆ ಅವಳಿಗೆ ನೆನಪಿರುವುದಿಲ್ಲ. ಮೂರನೆಯದು, ಆ ಕೋಣೆಯಲ್ಲಿ ಯಾವ ಕಾಲದಲ್ಲೋ ಒಬ್ಬ ಕೆಲಸದ ಹುಡುಗಿಯನ್ನು ಕೂಡಿ ಹಾಕಿದ್ದರು. ಅವಳು ಅಲ್ಲೇ ಸತ್ತಳು. ಕೆಲಸ ಮಾತ್ರ ನಿಂತಿಲ್ಲ.

ಮೂರೂ ಸರಿಯೇ. ಆದರೆ ಒಂದು ಷರತ್ತು. ಯಾವ ಕೊನೆ ಆರಿಸಿದರೂ ಹಿಂದೆ ತೋರಿಸಿದ್ದಕ್ಕೆಲ್ಲ ಲೆಕ್ಕ ಒಪ್ಪಿಸಬೇಕು. ಅಕ್ಕನೇ ಗುಡಿಸುತ್ತಿದ್ದಳು ಎಂದಾದರೆ ಬೀಗ ಹೇಗೆ ಬಿತ್ತು? ಅವಳು ಕೀಲಿ ತಿರುಗಿಸಿ ಮತ್ತೆ ಹಾಗೇ ಸಿಕ್ಕಿಸಿಟ್ಟಿದ್ದಳು, ಅಲುಗಿದ್ದಕ್ಕೆ ಜಾರಿತು. ಒಳಗೆ ಯಾಕೆ ಯಾರೂ ಇರಲಿಲ್ಲ? ಹಿಂದೆ ಇನ್ನೊಂದು ಬಾಗಿಲಿತ್ತು, ಅದನ್ನು ಮೊದಲ ಹತ್ತು ನಿಮಿಷದಲ್ಲೇ ನಮಗೆ ಹೊರಗಿನಿಂದ ತೋರಿಸಿದ್ದರು. ಹೀಗೆ ಕೂಡಿಬಂದರೆ ನೋಡುಗ "ಛೆ, ನನಗೆ ಹೊಳೆಯಲೇ ಇಲ್ಲ" ಎಂದು ಖುಷಿಪಡುತ್ತಾನೆ. ಕೂಡಿಬರದಿದ್ದರೆ ಮೋಸ ಹೋದೆ ಅನಿಸುತ್ತದೆ. ದೆವ್ವ ಇದೆ ಎಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದು ಅಂತಲ್ಲ. ದೆವ್ವಕ್ಕೂ ಕಟ್ಟಳೆ ಬೇಕು. ಅದು ಎಲ್ಲಿಗೆ ಬರುತ್ತದೆ, ಯಾಕೆ ಬರುತ್ತದೆ, ಯಾವುದಕ್ಕೆ ತಡೆಯುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿರಬೇಕು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕಸುಬಿನ ಗುಟ್ಟು. ಸುಳಿವುಗಳನ್ನು ಬಚ್ಚಿಡಲು ನಗುವಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ನಮ್ಮ ಸಿನಿಮಾದ ಶುರುವಿನಲ್ಲಿ ಒಂದು ಹಗಲಿನ ದೃಶ್ಯ ಇದೆ ಎಂದಿಟ್ಟುಕೊಳ್ಳಿ. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೂಗಾಡುತ್ತಿದ್ದಾಳೆ. "ಈ ಮನೇಲಿ ಪೊರಕೆ ಎಲ್ಲಿ ಹೋಯ್ತು? ಇದು ಮೂರನೇದು! ನೀವೇ ಎಲ್ಲೋ ಬಚ್ಚಿಟ್ಟಿದ್ದೀರಾ, ಗುಡಿಸ್ಬೇಕಾಗತ್ತೆ ಅಂತ." ಭಾವ ಪೇಪರ್ ಕೆಳಗಿಳಿಸದೆ ಹೇಳುತ್ತಾನೆ: "ನಾನು ಬಚ್ಚಿಡೋಕೆ ಎದ್ದಿದ್ರೆ ಗುಡಿಸ್ಬಿಡ್ತಿದ್ದೆ ಕಣೇ, ಎರಡೂ ಅಷ್ಟೇ ಕೆಲಸ." ನಾವು ನಗುತ್ತೇವೆ. ಗಂಡ ಸೋಮಾರಿ, ಹೆಂಡತಿ ಜೋರು ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಪೊರಕೆಗಳು ನಿಜಕ್ಕೂ ಕಾಣೆಯಾಗುತ್ತಿವೆ ಎಂಬುದು ಕಣ್ಣ ಮುಂದೆಯೇ ಹಾದುಹೋಗುತ್ತದೆ. ನಕ್ಕ ಮೇಲೆ ಆ ಮಾತಿನ ಕೆಲಸ ಮುಗಿಯಿತು ಎಂದುಕೊಳ್ಳುವುದು ನಮ್ಮ ಮನಸ್ಸಿನ ಸ್ವಭಾವ. ಗಂಭೀರ ಮುಖದ ಮುದುಕ "ಆ ಕೋಣೆ ಕಡೆ ಹೋಗಬೇಡಿ" ಎಂದರೆ ತಕ್ಷಣ ಕಿವಿ ನೆಟ್ಟಗಾಗುತ್ತದೆ. ಅದೇ ವಿಷಯ ಜಗಳದ ತಮಾಷೆಯೊಳಗೆ ಬಂದರೆ ಗೊತ್ತೇ ಆಗುವುದಿಲ್ಲ. ನಲವತ್ತು ನಿಮಿಷದ ನಂತರ ಬೀಗ ಹಾಕಿದ ಕೋಣೆಯೊಳಗೆ ಸರಕ್ ಸರಕ್ ಕೇಳಿದಾಗ ಆ ಹಳೆಯ ಜೋಕ್ ತಣ್ಣಗೆ ಬೆನ್ನ ಮೇಲೆ ಹರಿಯುತ್ತದೆ.

ಒಂದೇ ಮಾತು ಮೊದಲು ನಗಿಸಿತು, ಈಗ ಹೆದರಿಸುತ್ತಿದೆ. ಎರಡು ರಸಗಳನ್ನು ಹೊಲಿದ ದಾರ ಗುಟ್ಟೇ ತಾನೇ?

ನಾಗವಲ್ಲಿಯ ಮನೆ

ನಮ್ಮ ಭಾಷೆಯ ನೋಡುಗರಿಗೆ ಈ ಬಗೆಯ ದೊಡ್ಡ ಪಾಠ ‘ಆಪ್ತಮಿತ್ರ’. ನೋಡದವರು ಇನ್ನೂ ಇದ್ದರೆ ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ, ದಯವಿಟ್ಟು. ಅದರ ಗುಟ್ಟು ನನ್ನಿಂದ ಒಡೆಯುವುದು ಬೇಡ.

ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಕಥೆ ಮಧು ಮುಟ್ಟಂ ಅವರದು, ನಿರ್ದೇಶನ ಫಾಸಿಲ್ ಅವರದು. ಶೋಭನಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. 2004ರಲ್ಲಿ ಪಿ. ವಾಸು ನಿರ್ದೇಶನದಲ್ಲಿ, ದ್ವಾರಕೀಶ್ ನಿರ್ಮಾಣದಲ್ಲಿ ಅದು ಕನ್ನಡಕ್ಕೆ ಬಂತು. ವಿಷ್ಣುವರ್ಧನ್ ಮನೋವೈದ್ಯ, ಸೌಂದರ್ಯ ಗಂಗಾ, ರಮೇಶ್ ಅರವಿಂದ್ ಅವಳ ಗಂಡ. ಸಿನಿಮಾ ತೆರೆಗೆ ಬರುವ ಮುಂಚೆಯೇ, ಅದೇ ವರ್ಷದ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಆ ದುಃಖದಲ್ಲೇ ಜನ ಅವರನ್ನು ಕಥೆಯೊಳಗಿನ ಸೇಡಿನ ನರ್ತಕಿ ನಾಗವಲ್ಲಿಯಾಗಿ ನೋಡಿದರು. ಮರುವರ್ಷ ತಮಿಳಿನಲ್ಲಿ ‘ಚಂದ್ರಮುಖಿ’, 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲೈಯಾ’. ಹಿಂದಿಯಲ್ಲಿ ನಿರ್ದೇಶಿಸಿದ ಪ್ರಿಯದರ್ಶನ್ ಮಲಯಾಳಂ ಮೂಲದಲ್ಲಿ ಎರಡನೇ ಘಟಕದ ನಿರ್ದೇಶಕರಲ್ಲಿ ಒಬ್ಬರಾಗಿದ್ದವರು.

ಇಷ್ಟು ಭಾಷೆಗಳಲ್ಲಿ ಇದು ಏಕೆ ನಿಂತಿತು? ಕಥೆಯ ಕಟ್ಟಡ ನೋಡಿ. ಬೀಗ ಹಾಕಿದ ಕೋಣೆ ತೆರೆಯುತ್ತದೆ, ಮನೆಯಲ್ಲಿ ಕೇಡುಗಳು ಶುರುವಾಗುತ್ತವೆ. ಮನೆ ತುಂಬ ಹೆದರುವ ನೆಂಟರು, ಅವರಿಂದ ನಗು. ಅನುಮಾನ ಮನೆಯಲ್ಲೇ ಇರುವ ಇನ್ನೊಬ್ಬ ಹುಡುಗಿಯ ಮೇಲೆ ತಿರುಗುತ್ತದೆ. ವೈದ್ಯ ಬರುತ್ತಾನೆ, ಅವನೂ ತಮಾಷೆಯ ಮನುಷ್ಯ. ಅವನು ಹುಡುಗಾಟ ಆಡುತ್ತಿದ್ದಾನೆ ಎಂದು ನಾವು ನಗುತ್ತಿರುವಾಗ ಅವನು ಎಲ್ಲರನ್ನೂ ಗಮನಿಸುತ್ತಿರುತ್ತಾನೆ. ನಗುವೇ ಅವನ ತನಿಖೆಯ ಮರೆ. ಕೊನೆಗೆ ಗುಟ್ಟು ಒಡೆದಾಗ ನಾವು ತುಂಬಾ ಇಷ್ಟಪಟ್ಟ, ಒಮ್ಮೆಯೂ ಅನುಮಾನಿಸದ ಗಂಗಾಳೇ ನಾಗವಲ್ಲಿ. ಮಲಯಾಳಂನಲ್ಲಿ ಅವಳು ನಾಗವಲ್ಲಿಯಾದಾಗ ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ತೆಲುಗು. ದಿನಾ ಜೊತೆಗಿದ್ದವರ ಬಾಯಿಂದ ಇದ್ದಕ್ಕಿದ್ದಂತೆ ಬೇರೆ ಭಾಷೆ ಬಂದರೆ ಆಗುವ ಭಯಕ್ಕೆ ಯಾವ ಗ್ರಾಫಿಕ್ಸೂ ಬೇಡ. ಇನ್ನೂ ಒಂದು ಜಾಣತನ ಇದೆ. ಪರಿಹಾರದಲ್ಲಿ ಮನೋವೈದ್ಯನೂ ಮಂತ್ರವಾದಿಯೂ ಕೈಜೋಡಿಸುತ್ತಾರೆ. ಹಲಗೆ ತಿರುಗುತ್ತದೆ, ಮನುಷ್ಯನ ಜಾಗಕ್ಕೆ ಬೊಂಬೆ ಬರುತ್ತದೆ, ಅವಳ ಸೇಡು ತೀರುತ್ತದೆ. ಇದೆಯೋ ಇಲ್ವೋ ಎಂಬ ಎರಡು ಉತ್ತರಗಳೂ ಒಂದೇ ವೇದಿಕೆಯಲ್ಲಿ ನಿಂತಿವೆ. ಇಲ್ಲಿ ತೋರಿಸಿರುವ ಮಾನಸಿಕ ಕಾಯಿಲೆ ಮತ್ತು ಅದರ ಚಿಕಿತ್ಸೆ ವೈದ್ಯಶಾಸ್ತ್ರದ ಪ್ರಕಾರ ಇರುವುದಲ್ಲ. ಅದನ್ನು ಕಥೆಯೆಂದೇ ನೋಡಬೇಕು.

ಇನ್ನೊಂದು ಬೇರು ‘ನಾಳೆ ಬಾ’. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ಈ ಎರಡು ಪದಗಳನ್ನು ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ನಮ್ಮವರ ದನಿಯಲ್ಲೇ ಕರೆಯುತ್ತದೆ, ಬಾಗಿಲ ಮೇಲಿನದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಎಷ್ಟು ಭಯ, ಎಷ್ಟು ತಮಾಷೆ! ಮಾತಿಗೆ ಕಟ್ಟುಬಿದ್ದ ದೆವ್ವ. ಎಂದೂ ಬಾರದ ನಾಳೆ. 2018ರಲ್ಲಿ ಅಮರ್ ಕೌಶಿಕ್ ನಿರ್ದೇಶಿಸಿದ ಹಿಂದಿಯ ‘ಸ್ತ್ರೀ’ ಈ ಎಳೆಯನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದಿತು. ಅಲ್ಲಿ ದೆವ್ವ ಗಂಡಸರನ್ನು ಎತ್ತಿಕೊಂಡು ಹೋಗುತ್ತದೆ, ಬಟ್ಟೆ ಮಾತ್ರ ಬಿಟ್ಟು. ಹೀಗಾಗಿ "ರಾತ್ರಿ ಒಬ್ಬರೇ ಹೋಗಬೇಡಿ" ಎಂಬ ಮಾತನ್ನು ಈಗ ಗಂಡಸರಿಗೆ ಹೇಳಬೇಕಾಗುತ್ತದೆ. ನಾವು ನಗುತ್ತೇವೆ. ಈ ಮಾತನ್ನು ದಿನಾ ಯಾರಿಗೆ ಹೇಳುತ್ತಾರೆ ಎಂಬುದು ಅದರ ಹಿಂದೆಯೇ ಹೊಳೆಯುತ್ತದೆ. ನಾಯಕಿಯ ಹೆಸರನ್ನು ಕೊನೆಯವರೆಗೂ ಹೇಳುವುದಿಲ್ಲ. ಅವಳು ಯಾರು ಎಂಬ ಪ್ರಶ್ನೆ ಇಡೀ ಸಿನಿಮಾವನ್ನು ಎತ್ತಿ ಹಿಡಿದಿದೆ.

ಅರ್ಧ ಸೆಕೆಂಡಿನ ಲೆಕ್ಕ

ತಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಉದಾಹರಣೆ. 1942ರ ‘ಕ್ಯಾಟ್ ಪೀಪಲ್’ ಸಿನಿಮಾದಲ್ಲಿ ಒಬ್ಬಳು ರಾತ್ರಿ ರಸ್ತೆಯಲ್ಲಿ ಒಂಟಿಯಾಗಿ ನಡೆಯುತ್ತಿದ್ದಾಳೆ. ಹಿಂದೆ ಹೆಜ್ಜೆ ಸಪ್ಪಳ. ಸಪ್ಪಳ ನಿಲ್ಲುತ್ತದೆ. ಮೌನ. ಇದ್ದಕ್ಕಿದ್ದಂತೆ ಬುಸ್ ಎಂದು ಸದ್ದು. ಬಂದದ್ದು ಕಾಡುಪ್ರಾಣಿ ಅಲ್ಲ, ಒಂದು ಬಸ್. ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಿಂದ ಈ ಉಪಾಯವನ್ನು ಇಂದಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ. 1790ರಲ್ಲಿ ಕಾಂಟ್ ಎಂಬ ಜರ್ಮನ್ ತತ್ತ್ವಜ್ಞಾನಿ, ಬಿಗಿಯಾಗಿ ಎಳೆದಿಟ್ಟ ನಿರೀಕ್ಷೆ ಥಟ್ಟನೆ ಏನೂ ಇಲ್ಲದಂತಾದಾಗ ನಗು ಬರುತ್ತದೆ ಎಂದಿದ್ದ. ಆ ಬಸ್ಸಿಗೂ ಆ ಮಾತಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ! ಹೆದರಿಸುವ ಶಾಟ್ ಮತ್ತು ಜೋಕ್ ಎರಡರ ಎಲುಬಿನ ಗೂಡು ಒಂದೇ. ಕಾಯಿಸು, ಇನ್ನೂ ಕಾಯಿಸು, ಎದುರು ನೋಡದ ಕಡೆಯಿಂದ ಹೊಡಿ. ಅದಕ್ಕೇ ಹಾಸ್ಯದಲ್ಲಿ ಪಳಗಿದವರು ಹಾರರ್ ಚೆನ್ನಾಗಿ ಮಾಡುತ್ತಾರೆ. ಟಿವಿ ಹಾಸ್ಯದಿಂದ ಬಂದ ಜಾರ್ಡನ್ ಪೀಲ್ 2017ರ ‘ಗೆಟ್ ಔಟ್’ಗೆ ಚಿತ್ರಕಥೆಯ ಆಸ್ಕರ್ ಪಡೆದರು.

ಹೆದರಿಸಿ ನಗಿಸುವುದು ಸುಲಭ, ನಗಿಸಿ ಹೆದರಿಸುವುದು ಕಷ್ಟ. ಹೆದರಿದವನಿಗೆ ನಗು ಬಿಡುಗಡೆ, ಅವನೇ ಅದನ್ನು ಹುಡುಕುತ್ತಿರುತ್ತಾನೆ. ನಗುತ್ತಿರುವವನಿಗೆ ಭಯ ಬೇಡ. ಆದರೆ ನಗುವಾಗ ಮೈ ಸಡಿಲ, ಕಣ್ಣು ಅರ್ಧ ಮುಚ್ಚಿದೆ, ಪಕ್ಕದವರ ಕಡೆ ತಿರುಗಿದ್ದೇವೆ. ಆ ಹೊತ್ತಿನಲ್ಲಿ ಬೀಗ ಬಿದ್ದರೆ ತಡೆದುಕೊಳ್ಳಲು ನಮ್ಮ ಬಳಿ ಏನೂ ಇಲ್ಲ. ಸಂಕಲನಕಾರ ಬೀಗವನ್ನು ಅರ್ಧ ಸೆಕೆಂಡ್ ಬೇಗ ಬೀಳಿಸಿದರೆ ನಗುವಿನ ಗದ್ದಲದಲ್ಲಿ ಸದ್ದು ಕೇಳುವುದಿಲ್ಲ. ತಡವಾದರೆ ನಾವು ಸಾವರಿಸಿಕೊಂಡಿರುತ್ತೇವೆ.

ಎಡವುವ ಜಾಗ

ಮೊದಲು ಹೇಳಿದ ಆ ಎರಡನೆಯ ಹಗೆ ಈಗ ಬರುತ್ತದೆ. ಕರುಣ. ನಮ್ಮ ಸಿನಿಮಾಗಳಲ್ಲಿ ದೆವ್ವ ಸುಮ್ನೆ ಬರುವುದಿಲ್ಲ. ಅದಕ್ಕೆ ಯಾರೋ ಅನ್ಯಾಯ ಮಾಡಿದ್ದಾರೆ. ಇಂಟರ್ವಲ್ ಆದ ಮೇಲೆ ಫ್ಲ್ಯಾಶ್‌ಬ್ಯಾಕ್ ತೆರೆದುಕೊಳ್ಳುತ್ತದೆ, ಕೊಂದವರು ಯಾರು, ಯಾಕೆ ಕೊಂದರು ಎಂದು ತಿಳಿಯುತ್ತದೆ. ಅಲ್ಲಿಯವರೆಗೆ ನಮ್ಮನ್ನು ಹೆದರಿಸಿದವಳು ಈಗ ನಮ್ಮ ಕಣ್ಣಲ್ಲಿ ನೀರು ತರಿಸುತ್ತಾಳೆ. ನಗುವಿಗೆ ಭಯದ ಜೊತೆ ಹೇಗೋ ರಾಜಿ ಮಾಡಿಸಿದ್ದೆವು. ಕರುಣೆಯ ಜೊತೆ ಅಷ್ಟು ಸುಲಭದ ರಾಜಿ ಇಲ್ಲ. ಒಬ್ಬ ಹೆಣ್ಣುಮಗಳನ್ನು ಸುಟ್ಟದ್ದನ್ನು ತೋರಿಸಿ, ಮರುಕ್ಷಣವೇ ಹಾಸ್ಯನಟ ಪಂಚೆ ಬಿಚ್ಚಿಕೊಂಡು ಓಡಿದರೆ ಎದೆಯಲ್ಲಿ ಏನೋ ಕಿತ್ತುಹೋಗುತ್ತದೆ. ಎಷ್ಟೋ ಒಳ್ಳೆಯ ಸಿನಿಮಾಗಳು ಕೊನೆಯ ಅರ್ಧ ಗಂಟೆಯಲ್ಲಿ ಸೋಲುವುದು ಇಲ್ಲೇ.

ನಗಿಸಲು ಯಾರನ್ನು ಬಳಸುತ್ತಾರೆ ಎಂಬುದೂ ಮುಖ್ಯ. ಹೆದರಿಕೆ ಎಲ್ಲರಿಗೂ ಇರುವಂಥದ್ದು. ಹೆದರಿದ ಮನುಷ್ಯನನ್ನು ನೋಡಿ ನಗುವಾಗ ನಾವು ನಮ್ಮನ್ನೇ ಗುರುತಿಸಿಕೊಂಡು ನಗುತ್ತೇವೆ. ದಪ್ಪಗಿರುವವರು, ಕುಳ್ಳಗಿರುವವರು, ಮಂಗಳಮುಖಿಯರು ಇವರ ಮೈಯನ್ನೇ ಜೋಕ್ ಮಾಡಿದರೆ ಆ ಗುರುತು ತಪ್ಪಿಹೋಗುತ್ತದೆ. ತನ್ನ ಕಥೆಯ ದೆವ್ವಕ್ಕೆ ಆದ ಅವಮಾನಕ್ಕೆ ಅಳಿಸುವ ಸಿನಿಮಾ, ಅದೇ ಅವಮಾನವನ್ನು ಬೇರೆಯವರಿಗೆ ಮಾಡಿ ನಗಿಸುವುದು ನನಗೆ ಸಹಿಸಲು ಆಗುವುದಿಲ್ಲ.

ಹಾಗಾದರೆ ಫ್ಲ್ಯಾಶ್‌ಬ್ಯಾಕ್ ಆದ ಮೇಲೆ ನಗುವೇ ಬೇಡವೇ? ಬೇಕು. ಆದರೆ ಅದು ಬೇರೆ ನಗು ಆಗಬೇಕು. ಭರತ ಆರು ಬಗೆಯ ನಗುಗಳನ್ನು ಹೇಳುತ್ತಾನೆ. ಹಲ್ಲು ಕಾಣದ ಸ್ಮಿತದಿಂದ ಶುರುವಾಗಿ ಮೈ ಕುಲುಕುವ ಅತಿಹಸಿತದವರೆಗೆ. ಸಿನಿಮಾ ಅತಿಹಸಿತದಿಂದ ಶುರುವಾಗಿ ಸ್ಮಿತಕ್ಕೆ ಇಳಿದು ಬರಬಹುದು.

ನಮ್ಮ ಬಂಗಲೆಗೆ ನಾನು ಮೂರನೆಯ ಕೊನೆಯನ್ನೇ ಆರಿಸುತ್ತೇನೆ. ಕೂಡಿ ಹಾಕಿದ್ದ ಆ ಹುಡುಗಿ. ಎಲ್ಲ ಬಯಲಾಗಿದೆ, ಕೋಣೆಯ ಕಿಟಕಿ ತೆರೆದಿದ್ದಾರೆ, ಕೆಲವು ದಿನ ಕಳೆದಿವೆ. ಬೆಳಗ್ಗೆ. ಅಕ್ಕ ಅಡುಗೆಮನೆಯಿಂದ ಕೂಗುತ್ತಾಳೆ: "ಪೊರಕೆ ಎಲ್ಲಿ ಹೋಯ್ತು?" ಅದೇ ಮಾತು. ಈ ಸಲ ಯಾರೂ ನಗುವುದಿಲ್ಲ. ಭಾಮೈದ ಭಾವನ ಮುಖ ನೋಡುತ್ತಾನೆ. ಮೇಲಿನಿಂದ ಸರಕ್... ಸರಕ್... ಕೇಳುತ್ತಿದೆ. ಭಾವ ಪೇಪರ್ ಮಡಚಿಟ್ಟು ಎದ್ದು ಮಹಡಿ ಹತ್ತುತ್ತಾನೆ. ಟಾರ್ಚ್ ಇಲ್ಲ. ಬಾಗಿಲ ಹೊರಗೆ ನಿಂತು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳುತ್ತಾನೆ.

"ಸಾಕು ಬಿಡಮ್ಮಾ. ಇವತ್ತಿಂದ ನಾನೇ ಗುಡಿಸ್ತೀನಿ."

ಸದ್ದು ನಿಲ್ಲುತ್ತದೆ.